ಊಟ ಇತ್ತು, ಬೆಚ್ಚಗಿತ್ತು, ಆದರೂ ಜೀವಕೋಶಗಳು ಸತ್ತವು. ಯಾಕೆ?

ಎಳೆಬಿಸಿಲು (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸಂಶೋಧನೆಗೆ ಸೇರಿ ನಾಲ್ಕು ತಿಂಗಳಾಯ್ತು. ಒಂದು ವಿಷಯ ತಲೆ ಕೊರೆಯುತ್ತಿದೆ, ಇಲ್ಲಿ ಕೇಳೋಣ ಅನ್ನಿಸಿತು.

ಹೋದ ವಾರ ಎಂಡಿಸಿಕೆ ಕೋಶಗಳನ್ನು ಎರಡು ಪ್ಲೇಟ್‌ಗೆ ಹಾಕಿದೆ. ಇವು ನಾಯಿಯ ಮೂತ್ರಪಿಂಡದಿಂದ ಬಂದ ಕೋಶಗಳು. ಬಹಳ ವರ್ಷಗಳಿಂದ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಾ ಬಂದಿದ್ದಾರೆ. ಎರಡೂ ಪ್ಲೇಟ್‌ಗೆ ಒಂದೇ ಟ್ಯೂಬಿನಿಂದ ಹಾಕಿದ್ದು. ಅದೇ ಮೀಡಿಯಂ (ಕೋಶಗಳಿಗೆ ಊಟ ಕೊಡುವ ದ್ರವ), ಅದೇ ಸೀರಮ್ (ರಕ್ತದಿಂದ ತೆಗೆದ ದ್ರವ), ಅದೇ ಇನ್ಕ್ಯುಬೇಟರ್. 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್. ಒಂದೇ ಒಂದು ವ್ಯತ್ಯಾಸ: ಟಿಶ್ಯೂ ಕಲ್ಚರ್ ಪ್ಲೇಟ್ ಒಂದೇ ಉಳಿದಿತ್ತು, ಹಾಗಾಗಿ ಎರಡನೆಯದಕ್ಕೆ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ತೆಗೆದುಕೊಂಡೆ. ಎರಡೂ ಪ್ಲಾಸ್ಟಿಕ್, ಎರಡೂ ಶುದ್ಧ. ಕೈಯಲ್ಲಿ ಹಿಡಿದರೆ ಯಾವುದು ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಮರುದಿನ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಮೊದಲ ಪ್ಲೇಟ್‌ನಲ್ಲಿ ಕೋಶಗಳು ಹಾಸುಗಲ್ಲು ಜೋಡಿಸಿದ ಹಾಗೆ ಚಪ್ಪಟೆಯಾಗಿ, ಒಂದಕ್ಕೊಂದು ತಾಗಿಕೊಂಡು ಹರಡಿದ್ದವು. ಎರಡನೆಯದರಲ್ಲಿ ಎಲ್ಲವೂ ದುಂಡಗೆ. ಪ್ಲೇಟ್ ಸ್ವಲ್ಪ ಅಲುಗಾಡಿಸಿದರೆ ಸಾಕು, ತೇಲಿಕೊಂಡು ಆಚೆ ಈಚೆ ಹೋಗುತ್ತಿದ್ದವು. ಮೂರನೇ ದಿನ ಟ್ರೈಪಾನ್ ಬ್ಲೂ (ಸತ್ತ ಕೋಶಕ್ಕೆ ಹಿಡಿಯುವ ಬಣ್ಣ) ಹಾಕಿದರೆ ಮುಕ್ಕಾಲು ಪಾಲು ನೀಲಿ. ಅಂದರೆ ಸತ್ತಿದ್ದವು.

ಊಟ ಕಮ್ಮಿಯಾಗಿರಲಿಲ್ಲ. ವಿಷ ಬಿದ್ದಿರಲಿಲ್ಲ. ಸೋಂಕೂ ಇರಲಿಲ್ಲ. ನನ್ನ ಜೊತೆಯವರು "ತಪ್ಪು ಪ್ಲೇಟ್ ತಗೊಂಡಿದ್ದೀಯ, ಅಷ್ಟೇ" ಅಂದರು. ಸರಿ, ತಪ್ಪು ನನ್ನದೇ. ಆದರೆ ಅಂಟಿಕೊಳ್ಳಲು ಜಾಗ ಸಿಗಲಿಲ್ಲ ಅಂತ ಒಂದು ಕೋಶ ಸಾಯಬೇಕಾ? ಅದು ಯಾವ ಲೆಕ್ಕ?

ಹಂದರ (ಸೋಮವಾರ, ರಾತ್ರಿ 10:25)

ಒಳ್ಳೆಯ ಪ್ರಶ್ನೆ. ತಪ್ಪು ಪ್ಲೇಟ್ ತಗೊಂಡಿದ್ದೇ ಒಳ್ಳೆಯದಾಯ್ತು ಅನ್ನುತ್ತೇನೆ. ಇಪ್ಪತ್ತು ವರ್ಷದಿಂದ ಕೋಶ ಬೆಳೆಸುತ್ತಿದ್ದೇನೆ, ಇದನ್ನು ಕಣ್ಣಾರೆ ನೋಡದೆ ಬರೀ ಓದಿ ಮುಂದೆ ಹೋದವರೇ ಜಾಸ್ತಿ.

ಮೊದಲು ಪ್ಲಾಸ್ಟಿಕ್ ವಿಷಯ. ಎರಡೂ ಪಾಲಿಸ್ಟೈರೀನ್. ಅದರ ಸಹಜ ಗುಣ ನೀರನ್ನು ದೂರ ತಳ್ಳುವುದು. ಕಲ್ಚರ್ ಪ್ಲೇಟ್‌ನ ತಳಕ್ಕೆ ಮಾತ್ರ ಕಾರ್ಖಾನೆಯಲ್ಲಿ ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುತ್ತಿನಿಂದ ಅಯಾನುಗಳಾದ ಅನಿಲ) ಹಾಯಿಸಿ, ನೀರು ಹರಡಿ ಕೂರುವ ಹಾಗೆ ಮಾಡಿರುತ್ತಾರೆ. ಎರಡಕ್ಕೂ ಒಂದೊಂದು ಹನಿ ನೀರು ಬಿಟ್ಟು ನೋಡಿ. ಒಂದರಲ್ಲಿ ಹನಿ ಹರಡುತ್ತದೆ, ಇನ್ನೊಂದರಲ್ಲಿ ಉಬ್ಬಿ ನಿಲ್ಲುತ್ತದೆ.

ಆದರೆ ಕೋಶ ಹಿಡಿದುಕೊಳ್ಳುವುದು ಪ್ಲಾಸ್ಟಿಕ್ಕನ್ನಲ್ಲ. ಸೀರಮ್‌ನಲ್ಲಿ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಅಂತ ಪ್ರೋಟೀನ್‌ಗಳಿವೆ. ಅವು ಮೊದಲು ತಳದ ಮೇಲೆ ಕೂರುತ್ತವೆ. ಕೋಶ ಅವುಗಳನ್ನು ಹಿಡಿಯುತ್ತದೆ. ಸಂಸ್ಕರಿಸದ ಪ್ಲಾಸ್ಟಿಕ್ ಮೇಲೆ ಆಲ್ಬುಮಿನ್ ಎಂಬ ಇನ್ನೊಂದು ಸೀರಮ್ ಪ್ರೋಟೀನ್ ಮುಂಚೆ ಹೋಗಿ ಜಾಗ ತುಂಬಿಬಿಡುತ್ತದೆ, ಇವಕ್ಕೆ ಸರಿಯಾಗಿ ಕೂರಲು ಆಗುವುದಿಲ್ಲ. ನಿಮ್ಮ ಕೋಶಗಳಿಗೆ ಹಿಡಿಕೆ ಸಿಗಲಿಲ್ಲ.

ಹಿಡಿಯುವ ಕೈಗಳ ಹೆಸರು ಇಂಟಿಗ್ರಿನ್. ಕೋಶದ ಪೊರೆಯ ಆಚೆಗೂ ಈಚೆಗೂ ಚಾಚಿಕೊಂಡಿರುವ ಪ್ರೋಟೀನ್. ಹೊರಗಿನ ತುದಿ ಕೋಶದ ಸುತ್ತಲಿನ ಪ್ರೋಟೀನ್ ಹಂದರವನ್ನು ಹಿಡಿದರೆ, ಒಳಗಿನ ತುದಿ ಕೋಶದ ಒಳಗಿನ ಆಕ್ಟಿನ್ ಎಳೆಗಳಿಗೆ ಕೊಂಡಿಯಾಗುತ್ತದೆ. ಆಲ್ಫಾ ಒಂದು, ಬೀಟಾ ಒಂದು, ಹೀಗೆ ಜೋಡಿಯಾಗಿರುತ್ತವೆ. ಮನುಷ್ಯರಲ್ಲಿ 18 ಆಲ್ಫಾ, 8 ಬೀಟಾ ಸೇರಿ 24 ಬಗೆಯ ಜೋಡಿಗಳಿವೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಟಿಗ್ರಿನ್ ಬರೀ ಕೊಕ್ಕೆ ಅಲ್ಲ, ಅದು ಸುದ್ದಿ ತರುವ ದಾರಿಯೂ ಹೌದು. ಹಿಡಿತ ಸಿಕ್ಕಾಗ ಇಂಟಿಗ್ರಿನ್‌ಗಳು ಗುಂಪುಗೂಡುತ್ತವೆ. ಒಳಗೆ ಫ್ಯಾಕ್ ಅನ್ನುವ ಕಿಣ್ವ ಎಚ್ಚರವಾಗುತ್ತದೆ. ಅಲ್ಲಿಂದ ಮುಂದೆ "ಬದುಕಿರು" ಅನ್ನುವ ಸಂದೇಶ ಒಳಕ್ಕೆ ಹೋಗುತ್ತಾ ಇರುತ್ತದೆ. ಆ ಸಂದೇಶ ನಿಂತರೆ ಕೋಶ ತನ್ನೊಳಗೇ ಇಟ್ಟುಕೊಂಡಿರುವ ಕ್ಯಾಸ್ಪೇಸ್ ಎಂಬ ಕತ್ತರಿಗಳನ್ನು ಬಿಚ್ಚುತ್ತದೆ, ತನ್ನನ್ನು ತಾನೇ ಅಚ್ಚುಕಟ್ಟಾಗಿ ಕಳಚಿ ಹಾಕಿಕೊಳ್ಳುತ್ತದೆ. ಇದನ್ನು 1994ರಲ್ಲಿ ಫ್ರಿಶ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ವಿವರಿಸಿದರು. ಅವರು ಬಳಸಿದ್ದೂ ನಿಮ್ಮದೇ ಎಂಡಿಸಿಕೆ ಕೋಶಗಳನ್ನು! ಅವರಿಟ್ಟ ಹೆಸರು ಅನೋಯಿಕಿಸ್. ಗ್ರೀಕ್ ಮೂಲದ ಪದ, ಮನೆಯಿಲ್ಲದಿರುವುದು ಅಂತ ಅರ್ಥ.

ಯಾವ ಲೆಕ್ಕ ಅಂದಿರಲ್ಲ, ಲೆಕ್ಕ ಇದೆ. ಮೂತ್ರಪಿಂಡದ ಒಂದು ಕೋಶ ತನ್ನ ಜಾಗ ಬಿಟ್ಟು ಕಳಚಿಕೊಂಡು ಇನ್ನೆಲ್ಲೋ ಹೋಗಿ ನೆಲೆಸಿ ಬೆಳೆದರೆ ದೇಹದ ಗತಿ ಏನು?

ಪಾಠದಮೇಜು (ಮಂಗಳವಾರ, ಬೆಳಗ್ಗೆ 7:10)

ಹಂದರ ಅವರೇ, ಓದಿ ಮೈ ಜುಮ್ಮೆಂದಿತು. ನಾನು ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹಲಗೆಯ ಮೇಲೆ ಒಂದು ದುಂಡು ಬರೆದು, ಮಧ್ಯೆ ಕೋಶಕೇಂದ್ರ, ಪಕ್ಕದಲ್ಲಿ ಮೈಟೊಕಾಂಡ್ರಿಯಾ ಎಲ್ಲ ಬರೆದು ಹೆಸರು ಕೊಡುತ್ತೇನೆ. ದುಂಡಿನ ಹೊರಗೆ ಏನೂ ಇಲ್ಲ, ಖಾಲಿ ಹಲಗೆ. ಒಂದು ಸಲ ಒಬ್ಬ ಹುಡುಗಿ ಕೇಳಿದಳು, "ಟೀಚರ್, ಈ ಕೋಶ ಎಲ್ಲಿ ಕೂತಿದೆ?" ಅಂತ. "ದೇಹದಲ್ಲಿ" ಅಂದುಬಿಟ್ಟೆ. ಆ ಉತ್ತರ ಇವತ್ತಿಗೂ ಚುಚ್ಚುತ್ತದೆ.

ಆ ಖಾಲಿ ಜಾಗದಲ್ಲಿ ನಿಜವಾಗಿ ಏನಿದೆ? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಹಂದರ (ಮಂಗಳವಾರ, ಬೆಳಗ್ಗೆ 8:35)

ಮೇಡಂ, ಆ ಹುಡುಗಿಯ ಪ್ರಶ್ನೆಯೇ ಈ ಇಡೀ ವಿಷಯ.

ಖಾಲಿ ಜಾಗ ಅಂತ ಇಲ್ಲ. ಕೋಶಗಳ ಸುತ್ತ ಅವುಗಳೇ ನೇಯ್ದ ಒಂದು ಹಂದರವಿದೆ. ಮ್ಯಾಟ್ರಿಕ್ಸ್ ಅನ್ನುತ್ತಾರೆ. ಮುಖ್ಯವಾಗಿ ಕೊಲಾಜೆನ್. ನಮ್ಮ ದೇಹದ ಒಟ್ಟು ಪ್ರೋಟೀನ್‌ನಲ್ಲಿ ಹೆಚ್ಚುಕಡಿಮೆ ಕಾಲು ಭಾಗಕ್ಕಿಂತ ಜಾಸ್ತಿ ಇದೊಂದೇ. 28 ಬಗೆಗಳಿವೆ. ಜಗ್ಗಿದರೆ ಹಿಗ್ಗಿ ವಾಪಸ್ ಬರುವುದಕ್ಕೆ ಎಲಾಸ್ಟಿನ್ ಇದೆ. ನೀರು ಹಿಡಿದಿಟ್ಟುಕೊಂಡು ಒತ್ತಡ ತಡೆಯುವುದಕ್ಕೆ ಹಯಲುರೊನಾನ್, ಪ್ರೋಟಿಯೊಗ್ಲೈಕನ್‌ಗಳು. ಚರ್ಮದ ಮೇಲ್ಪದರ, ಕರುಳಿನ ಒಳಪದರ, ರಕ್ತನಾಳದ ಒಳಮೈ, ಇವುಗಳ ಕೆಳಗೆಲ್ಲ ಒಂದು ತೆಳ್ಳನೆಯ ಚಾಪೆ ಹಾಸಿರುತ್ತದೆ, ಲ್ಯಾಮಿನಿನ್ ಮತ್ತು ನಾಲ್ಕನೇ ಬಗೆಯ ಕೊಲಾಜೆನ್‌ನದು. ಕೋಶಕ್ಕೆ "ಕೆಳಗೆ ಯಾವುದು, ಮೇಲೆ ಯಾವುದು" ಅಂತ ಗೊತ್ತಾಗುವುದರಲ್ಲಿ ಈ ಚಾಪೆಯ ಪಾತ್ರ ದೊಡ್ಡದು.

ಕೊಲಾಜೆನ್ ಹತ್ತಿರದಿಂದ ನೋಡುವಂಥದ್ದು. ಮೂರು ಎಳೆ ಸೇರಿಸಿ ಹಗ್ಗ ಹೊಸೆದ ಹಾಗಿರುತ್ತದೆ. ಪ್ರತಿ ಎಳೆಯಲ್ಲೂ ಅಮೈನೋ ಆಮ್ಲದ ಮಣಿಗಳ ಸಾಲಿದೆ, ಅದರಲ್ಲಿ ಪ್ರತಿ ಮೂರನೇ ಮಣಿ ಗ್ಲೈಸಿನ್, ಏಕೆಂದರೆ ಹಗ್ಗದ ನಡುವೆ ಹಿಡಿಸುವಷ್ಟು ಚಿಕ್ಕ ಅಮೈನೋ ಆಮ್ಲ ಅದೊಂದೇ. ಆ ಜಾಗದಲ್ಲಿ ಒಂದೇ ಒಂದು ಕಡೆ ಬೇರೆ ಮಣಿ ಬಂದರೂ ಹೊಸೆತ ಕೆಡುತ್ತದೆ. ಮೂಳೆ ಸುಮ್ಸುಮ್ನೆ ಮುರಿಯುವ ಒಂದು ಆನುವಂಶಿಕ ಕಾಯಿಲೆಗೆ ಅನೇಕರಲ್ಲಿ ಕಾರಣ ಇದೇ.

ಹೊಸೆದ ಹಗ್ಗ ಬಿಗಿಯಾಗಿ ನಿಲ್ಲಬೇಕಾದರೆ ವಿಟಮಿನ್ ಸಿ ಬೇಕು. ಹಿಂದೆ ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುತ್ತಿದ್ದವರಿಗೆ ಸ್ಕರ್ವಿ ಬರುತ್ತಿತ್ತಲ್ಲ, ಅದು ಹಂದರ ಸಡಿಲವಾಗುವ ಕಾಯಿಲೆ. ಒಸಡಿನಲ್ಲಿ ರಕ್ತ, ಅಲುಗಾಡುವ ಹಲ್ಲು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಾಯಿಲೆಯವರನ್ನು ಇಬ್ಬಿಬ್ಬರಂತೆ ಬೇರೆ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದವರು ಬೇಗ ಎದ್ದರು. ಈ ಕಾಯಿಲೆಯ ಒಂದು ಲಕ್ಷಣ ನನ್ನ ಮನಸ್ಸಿಂದ ಹೋಗುವುದೇ ಇಲ್ಲ: ಎಷ್ಟೋ ವರ್ಷದ ಹಿಂದೆ ಮಾಯ್ದು ಹೋಗಿದ್ದ ಗಾಯ ಮತ್ತೆ ಬಾಯಿ ಬಿಡುತ್ತದೆ. ಅಂದರೆ ಹಳೆಯ ಗಾಯದ ಕಲೆಯೂ ಸುಮ್ನೆ ಬಿದ್ದಿರುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕಿತ್ತು ದಿನಾ ಹೊಸದಾಗಿ ನೇಯುತ್ತಾ ಇರಬೇಕು. ನೇಯುವ ಕೆಲಸ ನಿಂತರೆ ಬರೀ ಕೀಳುವುದು ಉಳಿಯುತ್ತದೆ.

ಮಕ್ಕಳಿಗೆ ತೋರಿಸಲು ಇನ್ನೊಂದು ಉದಾಹರಣೆ. 2008ರಲ್ಲಿ ಇಲಿಯ ಹೃದಯದ ರಕ್ತನಾಳಗಳ ಮೂಲಕ ಸೋಪಿನಂಥ ದ್ರಾವಣ ಹರಿಸಿ ಕೋಶಗಳನ್ನೆಲ್ಲ ತೊಳೆದು ತೆಗೆದರು. ಕೊನೆಗೆ ಉಳಿದದ್ದು ಹೃದಯದ ಆಕಾರದ್ದೇ ಒಂದು ಬಿಳಿಚಿದ, ಆಚೆ ಕಾಣುವಂಥ ಹಂದರ. ಕವಾಟ ಕವಾಟದ ಜಾಗದಲ್ಲೇ, ನಾಳಗಳು ನಾಳಗಳ ಜಾಗದಲ್ಲೇ. ಅದರೊಳಗೆ ಎಳೆ ಇಲಿಮರಿಯ ಹೃದಯದ ಕೋಶಗಳನ್ನು ಬಿಟ್ಟರು. ಎಂಟನೇ ದಿನದ ಹೊತ್ತಿಗೆ ಅದು ಸಣ್ಣಗೆ ಮಿಡಿಯುತ್ತಿತ್ತು. ಬೆಳೆದ ಹೃದಯದ ಬಲದ ಸುಮಾರು 2% ಅಷ್ಟೇ. ಆದರೂ ಮಿಡಿಯಿತು.

ಮೂಲಪ್ರಶ್ನೆ (ಮಂಗಳವಾರ, ಮಧ್ಯಾಹ್ನ 1:05)

ಎಲ್ಲ ಚೆನ್ನಾಗಿದೆ. ಆದರೂ ನನಗೊಂದು ತಕರಾರಿದೆ. ಹಂದರಕ್ಕೆ ಇಲ್ಲಿ ಸ್ವಲ್ಪ ಜಾಸ್ತಿಯೇ ಮಹತ್ವ ಕೊಡುತ್ತಿದ್ದೀರಿ ಅನ್ನಿಸುತ್ತದೆ. ಆ ಕೊಲಾಜೆನ್ ಮಾಡುವುದು ಕೋಶ. ಅದಕ್ಕೆ ಆಜ್ಞೆ ಜೀನ್‌ನದು. ಇಂಟಿಗ್ರಿನ್ ಕೂಡ ಜೀನ್‌ನಿಂದಲೇ. ಎಲ್ಲ ಒಳಗೇ ಬರೆದಿರುವಾಗ ಹೊರಗಿನದು ಬರೀ ಗೋಡೆ, ಕಂಬ ಇದ್ದ ಹಾಗೆ ಅಲ್ವಾ?

ಇನ್ನೊಂದು, ರಕ್ತದ ಕೋಶಗಳು ಎಲ್ಲೂ ಅಂಟಿಕೊಳ್ಳದೆ ತೇಲಿಕೊಂಡೇ ಬದುಕುತ್ತವೆ. ಅವು ಯಾಕೆ ಸಾಯುವುದಿಲ್ಲ?

ರಾತ್ರಿಪಾಳಿ (ಮಂಗಳವಾರ, ರಾತ್ರಿ 11:50)

ಮೂಲಪ್ರಶ್ನೆ ಅವರೇ, ನಾನು ಕ್ಯಾನ್ಸರ್ ಕೋಶಗಳ ಜೊತೆ ಕೆಲಸ ಮಾಡುವವಳು. ನಿಮ್ಮ ಪ್ರಶ್ನೆ ನನ್ನದೂ ಆಗಿತ್ತು.

ರಕ್ತದ ಕೋಶಗಳ ಬಗ್ಗೆ ನೀವು ಹೇಳಿದ್ದು ನಿಜ. ಅವು ಆಧಾರವಿಲ್ಲದೆ ಬದುಕುವುದಕ್ಕೇ ತಯಾರಾದವು. ಆದರೆ ಅವೂ ಹೊರಗಿನ ಮಾತು ಕೇಳದೆ ಬದುಕುವುದಿಲ್ಲ. ಬಿಳಿ ರಕ್ತಕಣಗಳಿಗೆ ಸಂದೇಶವಾಹಕ ಪ್ರೋಟೀನ್‌ಗಳು ಸಿಗುತ್ತಿರಬೇಕು, ಇಲ್ಲದಿದ್ದರೆ ಬೇಗ ಸಾಯುತ್ತವೆ. ಸೋಂಕಾದ ಜಾಗದಲ್ಲಿ ರಕ್ತನಾಳದ ಒಳಮೈ ಸೆಲೆಕ್ಟಿನ್ ಎಂಬ ಅಂಟನ್ನು ಹೊರಚಾಚುತ್ತದೆ. ಓಡುತ್ತಿದ್ದ ಬಿಳಿಕಣ ಅದಕ್ಕೆ ತಾಗಿ ಉರುಳಲು ಶುರುಮಾಡುತ್ತದೆ, ವೇಗ ಕಮ್ಮಿಯಾಗುತ್ತದೆ. ಆಗ ಅದರ ಇಂಟಿಗ್ರಿನ್‌ಗಳು ನೆಟ್ಟಗಾಗಿ ಗಟ್ಟಿಯಾಗಿ ಹಿಡಿಯುತ್ತವೆ. ನಿಂತು, ನಾಳದ ಗೋಡೆ ದಾಟಿ ಆಚೆ ಹೋಗುತ್ತದೆ. ಕೆಲವು ಮಕ್ಕಳು ಈ ಇಂಟಿಗ್ರಿನ್ ಸರಿಯಿಲ್ಲದೆ ಹುಟ್ಟುತ್ತಾರೆ. ಅವರ ರಕ್ತದಲ್ಲಿ ಬಿಳಿಕಣ ತುಂಬಿತುಳುಕುತ್ತಿರುತ್ತವೆ, ಆದರೆ ಸೋಂಕಿನ ಜಾಗಕ್ಕೆ ಹೆಚ್ಚುಕಡಿಮೆ ಒಂದೂ ತಲುಪುವುದಿಲ್ಲ. ಕೀವೂ ಆಗುವುದಿಲ್ಲ.

ಈಗ ಜೀನ್ ವಿಷಯ. ರೌಸ್ ಸಾರ್ಕೋಮಾ ವೈರಸ್ ಅಂತ ಒಂದಿದೆ. ಅದರಲ್ಲಿ ಕ್ಯಾನ್ಸರ್ ತರುವ ಜೀನ್ ಇದೆ. ಕೋಳಿಗೆ ಚುಚ್ಚಿದರೆ ಗಡ್ಡೆ ಬರುತ್ತದೆ. ಪ್ಲೇಟ್‌ನಲ್ಲಿ ಬೆಳೆಸಿದ ಕೋಶಕ್ಕೆ ಹಾಕಿದರೆ ಅದೂ ಕ್ಯಾನ್ಸರ್ ಕೋಶದ ಹಾಗಾಗುತ್ತದೆ. ಆದರೆ 1984ರಲ್ಲಿ ಡೋಲ್‌ಬರ್ಗ್ ಮತ್ತು ಮೀನಾ ಬಿಸ್ಸೆಲ್ ಅದೇ ವೈರಸ್ಸನ್ನು ಮೊಟ್ಟೆಯೊಳಗಿನ ಎಳೆ ಭ್ರೂಣಕ್ಕೆ ಹಾಕಿದರು. ಗಡ್ಡೆ ಬರಲಿಲ್ಲ! ಜೀನ್ ಇದೆ, ಕೆಲಸವನ್ನೂ ಮಾಡುತ್ತಿದೆ, ಆದರೂ ಭ್ರೂಣ ಭ್ರೂಣವಾಗಿಯೇ ಬೆಳೆಯಿತು. ಅದೇ ಕೋಶಗಳನ್ನು ಭ್ರೂಣದಿಂದ ಬಿಡಿಸಿ ಪ್ಲೇಟ್‌ಗೆ ಹಾಕಿದಾಗ ಕ್ಯಾನ್ಸರ್ ಕೋಶಗಳಾದವು.

ಮುಂದೆ 1997ರಲ್ಲಿ ಬಿಸ್ಸೆಲ್ ಅವರ ಪ್ರಯೋಗಾಲಯದಲ್ಲೇ ಇನ್ನೊಂದು ಕೆಲಸ ನಡೆಯಿತು. ಸ್ತನದ ಕ್ಯಾನ್ಸರ್ ಕೋಶಗಳನ್ನು ಮೆತ್ತನೆಯ ಹಂದರದೊಳಗೆ ಬೆಳೆಸಿದಾಗ ಅವು ಅಡ್ಡಾದಿಡ್ಡಿ ಮುದ್ದೆಯಾಗುತ್ತಿದ್ದವು. ಅವುಗಳ ಬೀಟಾ-1 ಇಂಟಿಗ್ರಿನ್ ಅನ್ನು ಒಂದು ಪ್ರತಿಕಾಯದಿಂದ ಮುಚ್ಚಿದರು. ಅವು ಆರೋಗ್ಯವಂತ ಕೋಶಗಳ ಹಾಗೆ ಪುಟ್ಟ ದುಂಡು ಗೂಡು ಕಟ್ಟಿಕೊಂಡು, ವಿಭಜನೆ ನಿಲ್ಲಿಸಿ ಕೂತವು. ಜೀನ್‌ಗಳ ಏರುಪೇರೆಲ್ಲ ಹಾಗೇ ಇತ್ತು. ಬದಲಾಗಿದ್ದು ಹೊರಗಿಂದ ಕೇಳುವ ರೀತಿ.

ಇದನ್ನು ಓದಿ ಯಾರೂ ಕ್ಯಾನ್ಸರ್‌ಗೆ ಸುಲಭದ ಮದ್ದು ಸಿಕ್ಕಿತು ಅಂದುಕೊಳ್ಳಬೇಡಿ. ಇದು ಪ್ರಯೋಗಾಲಯದ ಮಾತು, ದೇಹದೊಳಗಿನ ಗಡ್ಡೆ ಇದಕ್ಕಿಂತ ಎಷ್ಟೋ ಜಟಿಲ. ನನ್ನ ಮನೆಯಲ್ಲೇ ಈ ಕಾಯಿಲೆ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಎಳೆಬಿಸಿಲು, ನಿಮ್ಮ ಕೋಶಗಳು ಸತ್ತವಲ್ಲ, ನನ್ನವು ಸಾಯುವುದಿಲ್ಲ. ಮೆತ್ತನೆಯ, ಜೆಲ್ಲಿಯಂಥ ಅಗಾರ್‌ನಲ್ಲಿ, ಹಿಡಿಯಲು ಏನೂ ಇಲ್ಲದ ಕಡೆ ಬಿಟ್ಟರೂ ಗುಂಪಾಗಿ ಬೆಳೆಯುತ್ತವೆ. ಒಂದು ಕೋಶ ಕ್ಯಾನ್ಸರ್ ಕಡೆಗೆ ಎಷ್ಟು ವಾಲಿದೆ ಅಂತ ನೋಡಲು 1960ರ ದಶಕದಿಂದ ಇವತ್ತಿನವರೆಗೂ ಇದೇ ಪರೀಕ್ಷೆ ಬಳಸುತ್ತೇವೆ. ನೆಲೆ ತಪ್ಪಿದರೂ ಸಾಯದೆ ಇರುವುದೇ ಅವುಗಳ ಕಾಯಿಲೆ. ನಿಮ್ಮ ಪ್ಲೇಟ್‌ನಲ್ಲಿ ಸತ್ತವು ಆರೋಗ್ಯವಾಗಿದ್ದವು.

ಎಳೆಬಿಸಿಲು (ಬುಧವಾರ, ಬೆಳಗ್ಗೆ 6:30)

ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಕೀಲುನೋಟ (ಬುಧವಾರ, ಬೆಳಗ್ಗೆ 9:15)

ನಾನು ಫಿಸಿಯೋಥೆರಪಿಸ್ಟ್. ಪ್ರಯೋಗಾಲಯ ಕಂಡವನಲ್ಲ, ಆದರೆ ನೀವೆಲ್ಲ ಹೇಳುತ್ತಿರುವುದನ್ನು ದಿನಾ ಕೈಯಲ್ಲಿ ಮುಟ್ಟುತ್ತೇನೆ.

ಕಾಲು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡವರು ಬರುತ್ತಾರೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಎರಡೂ ಮೀನಖಂಡಕ್ಕೆ ಟೇಪ್ ಹಿಡಿದು ಅಳೆಯುತ್ತೇನೆ. ಕಟ್ಟಿದ್ದ ಕಾಲು ಕಣ್ಣಿಗೇ ಕಾಣುವಷ್ಟು ಸಣ್ಣಗಾಗಿರುತ್ತದೆ. ರೋಗಿಗಳು ಹೆದರಿ "ಸರಿಯಾಗಿ ಊಟ ಮಾಡಿದ್ದೀನಿ, ಆದರೂ ಹೀಗ್ಯಾಕೆ?" ಅಂತಾರೆ. ಎಳೆಬಿಸಿಲು ಕೇಳಿದ್ದೂ ಇದೇ ಪ್ರಶ್ನೆ. ಊಟ ಇತ್ತು, ಎಳೆತ ಇರಲಿಲ್ಲ.

ನನಗೂ ಒಮ್ಮೆ ಮಣಿಕಟ್ಟು ಮುರಿದಿತ್ತು. ಆಗ ನೋಡಿದವರು ಪ್ಲಾಸ್ಟರ್ ತೆಗೆದು "ಇನ್ನೊಂದು ತಿಂಗಳು ಅಲುಗಾಡಿಸಬೇಡಿ" ಅಂದು ಕಳಿಸಿದರು. ನಂಬಿ ಹಾಗೇ ಇಟ್ಟುಕೊಂಡೆ. ಕೀಲು ಮರಗಟ್ಟಿತು. ಬಾಗಿಲ ಹಿಡಿ ತಿರುಗಿಸಲು ನಾಲ್ಕು ತಿಂಗಳು ಬೇಕಾಯ್ತು. ಯಾರ ಮೇಲೂ ಕೋಪವಿಲ್ಲ, ಆದರೆ ಈ ಕೆಲಸಕ್ಕೆ ನಾನು ಬಂದಿದ್ದೇ ಅದರಿಂದ.

ಮೂಳೆಯೊಳಗೆ ಆಸ್ಟಿಯೋಸೈಟ್ ಅನ್ನುವ ಕೋಶಗಳು ಸಣ್ಣ ಸಣ್ಣ ಗೂಡುಗಳಲ್ಲಿ ಕೂತಿರುತ್ತವೆ. ಕೂದಲೆಳೆಗಿಂತ ತೆಳುವಾದ ಕಾಲುವೆಗಳಲ್ಲಿ ಕೈಚಾಚಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ನಾವು ಹೆಜ್ಜೆ ಇಟ್ಟಾಗ ಮೂಳೆ ಒಂಚೂರು ಬಾಗುತ್ತದೆ, ಕಾಲುವೆಗಳಲ್ಲಿ ದ್ರವ ಹರಿಯುತ್ತದೆ. ಅದು ಆ ಕೋಶಗಳಿಗೆ ಗೊತ್ತಾಗುತ್ತದೆ. ಭಾರ ಬೀಳುತ್ತಿದೆ, ಮೂಳೆ ಉಳಿಸಿಕೊಳ್ಳಿ ಅನ್ನುವ ಸಂದೇಶ ಅಲ್ಲಿಂದ ಹೊರಡುತ್ತದೆ. ಗಗನಯಾತ್ರಿಗಳಿಗೆ ಭಾರವೇ ಇಲ್ಲವಲ್ಲ, ಅವರ ಸೊಂಟದ, ತೊಡೆಯ ಮೂಳೆಯ ಸಾಂದ್ರತೆ ತಿಂಗಳಿಗೆ 1ರಿಂದ 1.5% ಕಮ್ಮಿಯಾಗುತ್ತದೆ. ಅದಕ್ಕೇ ಅವರು ಅಲ್ಲಿ ದಿನಾ ಗಂಟೆಗಟ್ಟಲೆ ವ್ಯಾಯಾಮ ಮಾಡುವುದು.

ನನ್ನ ಪ್ರಶ್ನೆ ಇಷ್ಟೇ. ಎಳೆತ ಅನ್ನುವುದು ಬರೀ ಬಲ. ಬಲ ಹೇಗೆ ಸಂದೇಶವಾಗುತ್ತದೆ?

ಹಂದರ (ಬುಧವಾರ, ರಾತ್ರಿ 9:05)

ಕೀಲುನೋಟ ಅವರೇ, ಇದಕ್ಕೆ ಉತ್ತರ ಒಂದಲ್ಲ. ಗೊತ್ತಿರುವ ಎರಡು ಮೂರು ದಾರಿ ಹೇಳುತ್ತೇನೆ.

ಒಂದು, ನೇರ ಬಾಗಿಲು. ಪೊರೆಯಲ್ಲಿ ಪೀಝೋ ಅನ್ನುವ ಪ್ರೋಟೀನ್ ಇದೆ. ಮೂರು ರೆಕ್ಕೆಯ ಫ್ಯಾನ್ ಹಾಗೆ. ಪೊರೆ ಎಳೆದಾಗ ನಡುವಿನ ರಂಧ್ರ ತೆರೆದು ಕ್ಯಾಲ್ಸಿಯಂನಂಥ ಅಯಾನುಗಳು ಒಳಗೆ ನುಗ್ಗುತ್ತವೆ. ಇದನ್ನು 2010ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ತಂಡ ಕಂಡುಹಿಡಿಯಿತು. ಒಂದೊಂದೇ ಜೀನನ್ನು ಸುಮ್ಮನಾಗಿಸಿ, ಕೋಶವನ್ನು ಸಣ್ಣ ಕಡ್ಡಿಯಿಂದ ಚುಚ್ಚಿ, ಯಾವುದು ಸ್ಪಂದಿಸುವುದಿಲ್ಲ ಅಂತ ನೋಡುತ್ತಾ ಹೋದರು. ಪಟ್ಟಿಯ ಕೊನೆಯ ಹತ್ತಿರ ಸಿಕ್ಕಿತು. 2021ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಬಂತು.

ಎರಡು, ಇಂಟಿಗ್ರಿನ್ ದಾರಿ. ಇದು ನನಗೆ ಹೆಚ್ಚು ಇಷ್ಟ. ಕೋಶ ಸುಮ್ನೆ ಹಿಡಿದುಕೊಂಡಿರುವುದಿಲ್ಲ, ಸದಾ ಜಗ್ಗುತ್ತಿರುತ್ತದೆ. 1980ರಲ್ಲಿ ಆಲ್ಬರ್ಟ್ ಹ್ಯಾರಿಸ್ ಮತ್ತು ಜೊತೆಗಾರರು ಫೈಬ್ರೊಬ್ಲಾಸ್ಟ್ ಎಂಬ ಹಂದರ ನೇಯುವ ಕೋಶಗಳನ್ನು ತೆಳ್ಳನೆಯ ಸಿಲಿಕೋನ್ ರಬ್ಬರ್ ಹಾಳೆಯ ಮೇಲೆ ಬಿಟ್ಟರು. ಕೋಶಗಳು ಹಾಳೆಯನ್ನು ಎಳೆದು ಸುಕ್ಕುಗಟ್ಟಿಸಿದವು. ಬೆಡ್‌ಶೀಟ್ ಮೇಲೆ ಅಂಗೈ ಊರಿ ಬೆರಳು ಮಡಿಸಿದರೆ ಬಟ್ಟೆ ನೆರಿಗೆ ಬೀಳುತ್ತದಲ್ಲ, ಥೇಟ್ ಹಾಗೆ. ಈಗ ಯೋಚಿಸಿ. ಮೆತ್ತನೆಯದನ್ನು ಜಗ್ಗಿದರೆ ಅದು ಜೊತೆಗೆ ಬಂದುಬಿಡುತ್ತದೆ. ಗಟ್ಟಿಯದನ್ನು ಜಗ್ಗಿದರೆ ಅದು ತಡೆದು ನಿಲ್ಲುತ್ತದೆ. ಆ ತಡೆಯ ಬಲ ಇಂಟಿಗ್ರಿನ್ ಮೂಲಕ ಒಳಗಿನ ಟ್ಯಾಲಿನ್ ಎಂಬ ಪ್ರೋಟೀನ್ ಮೇಲೆ ಬೀಳುತ್ತದೆ. ಟ್ಯಾಲಿನ್‌ನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಮಡಿಕೆಯೊಳಗೆ ಮುಚ್ಚಿಕೊಂಡಿದ್ದ ಜಾಗ ತೆರೆದು, ಅಲ್ಲಿಗೆ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಕೂತು, ಹಿಡಿತ ಇನ್ನೂ ಗಟ್ಟಿಯಾಗುತ್ತದೆ. ಬಲ ಪ್ರೋಟೀನಿನ ಆಕಾರ ಬದಲಿಸಿತು, ಆಕಾರ ಬದಲಾದದ್ದೇ ಸಂದೇಶ.

ಇಲ್ಲಿಂದ ಸುದ್ದಿ ಕೋಶಕೇಂದ್ರದವರೆಗೂ ಹೋಗುತ್ತದೆ. ಯಾಪ್ ಎಂಬ ಪ್ರೋಟೀನ್ ಗಟ್ಟಿ ನೆಲದ ಮೇಲಿನ ಕೋಶದಲ್ಲಿ ಕೋಶಕೇಂದ್ರದೊಳಗೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ, ಮೆತ್ತನೆಯ ನೆಲದಲ್ಲಿ ಹೊರಗೇ ಉಳಿಯುತ್ತದೆ. ಇದು 2011ರಲ್ಲಿ ಗೊತ್ತಾಯ್ತು.

ಮೂಲಪ್ರಶ್ನೆ ಅವರು ಇದನ್ನು ನೋಡಬೇಕು. 2006ರಲ್ಲಿ ಡೆನ್ನಿಸ್ ಡಿಷರ್ ಅವರ ಪ್ರಯೋಗಾಲಯದಲ್ಲಿ ಆಡಂ ಎಂಗ್ಲರ್ ಮತ್ತಿತರರು ಮನುಷ್ಯನ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ಬೇರೆ ಬೇರೆ ಬಿಗಿಯ ಜೆಲ್ ಮೇಲೆ ಬೆಳೆಸಿದರು. 0.1ರಿಂದ 1 ಕಿಲೋಪಾಸ್ಕಲ್ (ಬಿಗಿ ಅಳೆಯುವ ಮಾನ), ಅಂದರೆ ಮಿದುಳಿನಷ್ಟು ಮೆತ್ತಗಿದ್ದಲ್ಲಿ ಅವು ನರಕೋಶದ ಹಾಗೆ ಕೊಂಬೆ ಚಾಚಿದವು. 8ರಿಂದ 17ರಲ್ಲಿ ಸ್ನಾಯುಕೋಶದ ಹಾಗೆ ಉದ್ದವಾದವು. 25ರಿಂದ 40ರಲ್ಲಿ ಮೂಳೆಕೋಶದ ಗುಣ ತೋರಿಸಿದವು. ಜೀನ್ ಅದೇ, ಊಟ ಅದೇ. ನೆಲದ ಬಿಗಿ ಮಾತ್ರ ಬೇರೆ. ಗೋಡೆ, ಕಂಬ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪಾಠದಮೇಜು (ಗುರುವಾರ, ಸಂಜೆ 5:20)

ನಾವು ಸಂಕೇತ ಅಂತ ಪಾಠ ಮಾಡುವುದು ಹಾರ್ಮೋನ್ ಬಗ್ಗೆ, ಬೀಗ ಮತ್ತು ಕೀಲಿಕೈ ಹೋಲಿಕೆ ಕೊಟ್ಟು. ಅಡ್ರಿನಲಿನ್ ಬಂತು, ರಿಸೆಪ್ಟರ್‌ಗೆ ಕೂತಿತು, ಕೆಲಸ ಆಯ್ತು. ಆದರೆ ಮಕ್ಕಳು ಒಂದು ಕಡೆ ಯಾವಾಗಲೂ ಎಡವುತ್ತಾರೆ. ಅಸಿಟೈಲ್‌ಕೋಲಿನ್ ಎಂಬ ನರದ ರಾಸಾಯನಿಕ ಹೃದಯದ ಬಡಿತ ನಿಧಾನ ಮಾಡುತ್ತದೆ, ಅದೇ ಅಸಿಟೈಲ್‌ಕೋಲಿನ್ ತೋಳಿನ ಸ್ನಾಯುವನ್ನು ಬಿಗಿ ಮಾಡುತ್ತದೆ. ಕೀಲಿಕೈ ಒಂದೇ ಆದರೆ ಕೆಲಸ ಯಾಕೆ ಬೇರೆ?

ರಿಸೆಪ್ಟರ್ ಬೇರೆ ಅಂತ ಉತ್ತರ ಕೊಡುತ್ತೇನೆ, ಅದು ಸರಿಯೇ. ಆದರೆ ಈ ಚರ್ಚೆ ಓದಿದ ಮೇಲೆ, ಹಾರ್ಮೋನ್ ಸಂದೇಶ ಮತ್ತು ಹಂದರದ ಸಂದೇಶ ಎರಡೂ ಬೇರೆ ಬೇರೆ ಪಾಠವಾ, ಒಂದೇನಾ ಅಂತ ಗೊಂದಲವಾಗಿದೆ.

ರಾತ್ರಿಪಾಳಿ (ಶುಕ್ರವಾರ, ಬೆಳಗಿನ ಜಾವ 1:30)

ಮೇಡಂ, ನನ್ನ ಮಟ್ಟಿಗೆ ಒಂದೇ ಪಾಠ.

ಬೆಳವಣಿಗೆಯ ಸಂದೇಶಗಳ ಕಥೆ ಶುರುವಾಗುವುದು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಂದ. ಯಹೂದಿ ಅನ್ನುವ ಕಾರಣಕ್ಕೆ ಇಟಲಿಯ ವಿಶ್ವವಿದ್ಯಾಲಯದಿಂದ ಹೊರಹಾಕಿದ ಮೇಲೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ತಮ್ಮ ಮಲಗುವ ಕೋಣೆಯಲ್ಲೇ ಕೋಳಿ ಭ್ರೂಣಗಳ ಮೇಲೆ ಪ್ರಯೋಗ ಮಾಡಿದರು. ನರಕೋಶಗಳು ತಲುಪಬೇಕಾದ ಜಾಗದಿಂದ ಏನೋ ಒಂದು ಸಿಗದಿದ್ದರೆ ಸಾಯುತ್ತವೆ ಅಂತ ಅವರಿಗೆ ಕಂಡಿತು. ಆ "ಏನೋ ಒಂದು" ಮುಂದೆ ನರ ಬೆಳವಣಿಗೆಯ ಅಂಶ ಅಂತ ಗೊತ್ತಾಗಿ, ಸ್ಟ್ಯಾನ್ಲಿ ಕೋಹೆನ್ ಜೊತೆ 1986ರಲ್ಲಿ ನೊಬೆಲ್ ಬಂತು. 1992ರಲ್ಲಿ ಮಾರ್ಟಿನ್ ರಾಫ್ ಇದನ್ನು ಇನ್ನೂ ಹಿಗ್ಗಿಸಿ, ದೇಹದ ಬಹುತೇಕ ಕೋಶಗಳು ಬೇರೆ ಕೋಶಗಳಿಂದ ಬದುಕುವ ಸಂದೇಶ ಸಿಗುವವರೆಗೆ ಮಾತ್ರ ಬದುಕುತ್ತವೆ ಎಂಬ ವಿಚಾರ ಮುಂದಿಟ್ಟರು.

ಈಗ ಎರಡೂ ಸೇರುವ ಜಾಗ. ಈ ಬೆಳವಣಿಗೆಯ ಅಂಶಗಳೆಲ್ಲ ನೀರಿನಲ್ಲಿ ತೇಲಾಡಿಕೊಂಡು ಇರುವುದಿಲ್ಲ. ಎಷ್ಟೋ ಅಂಶಗಳು ಹಂದರಕ್ಕೇ ಕಟ್ಟಿಹಾಕಿಕೊಂಡು ಕಾದಿರುತ್ತವೆ. ಟಿಜಿಎಫ್-ಬೀಟಾ ಅನ್ನುವುದು ಒಂದು ಮುಚ್ಚಳದೊಳಗೆ ಕೂತಿರುತ್ತದೆ, ಮುಚ್ಚಳ ಹಂದರಕ್ಕೆ ಕಟ್ಟಿರುತ್ತದೆ. ಕೋಶ ಇಂಟಿಗ್ರಿನ್‌ನಿಂದ ಮುಚ್ಚಳ ಹಿಡಿದು ಜಗ್ಗುತ್ತದೆ. ಹಂದರ ಬಿಗಿಯಾಗಿದ್ದರೆ ಮುಚ್ಚಳ ಬಿಚ್ಚಿಕೊಳ್ಳುತ್ತದೆ. ಸಡಿಲವಾಗಿದ್ದರೆ ಎಲ್ಲವೂ ಒಟ್ಟಿಗೆ ಜಾರಿಕೊಂಡು ಬರುತ್ತದೆ, ಬಿಚ್ಚುವುದಿಲ್ಲ. ಗಾಯ ಮಾಯುವಾಗ ಇದೇ ನಡೆಯುವುದು: ಸಂದೇಶ ಸಿಕ್ಕ ಕೋಶ ಇನ್ನಷ್ಟು ಕೊಲಾಜೆನ್ ನೇಯುತ್ತದೆ, ಇನ್ನಷ್ಟು ಬಿಗಿಯಾಗುತ್ತದೆ, ಇನ್ನಷ್ಟು ಸಂದೇಶ ಬಿಚ್ಚುತ್ತದೆ. ಸರಿಯಾದ ಹೊತ್ತಿಗೆ ನಿಂತರೆ ಗಾಯದ ಕಲೆ. ನಿಲ್ಲದಿದ್ದರೆ ಪಿತ್ತಜನಕಾಂಗ, ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗಳು.

ಅಮ್ಮನಓದು (ಶುಕ್ರವಾರ, ಮಧ್ಯಾಹ್ನ 2:45)

ನಾನು ವಿಜ್ಞಾನ ಓದಿದವಳಲ್ಲ. ಐದು ದಿನದಿಂದ ಸುಮ್ನೆ ಓದುತ್ತಿದ್ದೆ. ಬರೆಯಬೇಕೋ ಬೇಡವೋ ಅಂತ ಇತ್ತು.

ನನ್ನ ಮಗನಿಗೆ ಹುಟ್ಟಿನಿಂದ ಚರ್ಮ ನಿಲ್ಲುವುದಿಲ್ಲ. ಎತ್ತಿಕೊಂಡರೆ ಬೊಬ್ಬೆ, ಬಟ್ಟೆಯ ಹೊಲಿಗೆ ತಾಗಿದರೆ ಬೊಬ್ಬೆ. ಮೊದಲು ನೋಡಿದವರು ನಾನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂದರು. ಒಂದು ವರ್ಷ ಅದನ್ನೇ ನಂಬಿ ಅತ್ತಿದ್ದೇನೆ. ಆಮೇಲೆ ಎಪಿಡರ್ಮೊಲಿಸಿಸ್ ಬುಲ್ಲೋಸಾ ಅಂತ ಹೆಸರು ಸಿಕ್ಕಿತು. ಹೆಸರು ಸಿಕ್ಕಿತೇ ಹೊರತು ಏನಾಗುತ್ತಿದೆ ಅಂತ ಯಾರೂ ಹೇಳಲಿಲ್ಲ. ಇಲ್ಲಿ ನೀವು ಹೇಳಿದ ಚಾಪೆ, ಹಿಡಿಕೆ, ಅದೇನಾ ಇದು?

ಹಂದರ (ಶುಕ್ರವಾರ, ಮಧ್ಯಾಹ್ನ 3:20)

ಹೌದು ಅಮ್ಮ, ಅದೇ. ಮೊದಲನೆಯ ಮಾತು: ನಿಮ್ಮ ಆರೈಕೆಯಲ್ಲಿ ಏನೂ ತಪ್ಪಿರಲಿಲ್ಲ. ಇದು ಹುಟ್ಟುವ ಮುಂಚೆಯೇ ಆಗಿದ್ದು.

ಚರ್ಮದ ಮೇಲ್ಪದರದ ಕೋಶಗಳು ಕೆಳಗಿನ ಚಾಪೆಗೆ ಕೊಂಡಿ ಹಾಕಿಕೊಂಡಿರುತ್ತವೆ. ಚಾಪೆ ಅದರ ಕೆಳಗಿನ ಪದರಕ್ಕೆ ಏಳನೇ ಬಗೆಯ ಕೊಲಾಜೆನ್‌ನ ಕುಣಿಕೆಗಳಿಂದ ಬಿಗಿದಿರುತ್ತದೆ. ಈ ಸಾಲಿನಲ್ಲಿ ಎಲ್ಲಾದರೂ ಒಂದು ಕೊಂಡಿ ಇಲ್ಲದಿದ್ದರೆ ಉಜ್ಜಿದಾಗ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಯಾವ ಕೊಂಡಿ ಅನ್ನುವುದರ ಮೇಲೆ ಕಾಯಿಲೆಯ ಬಗೆ. ಕೆಲವು ಸೌಮ್ಯ, ಕೆಲವು ತುಂಬಾ ಕಷ್ಟದವು. ನಿಮ್ಮ ಮಗನದು ಯಾವುದು ಅಂತ ಜೀನ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ಆಗಿಲ್ಲದಿದ್ದರೆ ಚರ್ಮದ ತಜ್ಞರನ್ನು ಖಂಡಿತ ಕೇಳಿ.

2017ರಲ್ಲಿ ಜರ್ಮನಿಯಲ್ಲಿ ಏಳು ವರ್ಷದ ಒಬ್ಬ ಹುಡುಗನ ಚಿಕಿತ್ಸೆಯ ವರದಿ ಬಂತು. ಅವನಿಗೆ ಲ್ಯಾಮಿನಿನ್-332 ಎಂಬ ಕೊಂಡಿಯ ಜೀನ್ ಕೆಟ್ಟಿತ್ತು. ಮೈಮೇಲಿನ ಚರ್ಮದ ಬಹುಪಾಲು ಹೋಗಿತ್ತು. ಅವನದೇ ಸ್ವಲ್ಪ ಚರ್ಮದ ಕೋಶ ತೆಗೆದು, ಸರಿಯಾದ ಜೀನ್ ಸೇರಿಸಿ, ಹಾಳೆಗಳಾಗಿ ಬೆಳೆಸಿ, ಮೈಯ ಸುಮಾರು 80% ಭಾಗಕ್ಕೆ ಹಚ್ಚಿದರು. ಚರ್ಮ ನಿಂತಿತು. ಇಟಲಿಯ ಮಿಕೆಲೆ ಡೆ ಲೂಕಾ ಅವರ ತಂಡ ಮತ್ತು ಬೋಖುಮ್‌ನ ವೈದ್ಯರು ಸೇರಿ ಮಾಡಿದ ಕೆಲಸ. ಎಲ್ಲ ಬಗೆಗೂ ಇದು ಆಗುವುದಿಲ್ಲ. ಸುಳ್ಳು ಆಸೆ ಹುಟ್ಟಿಸಲು ಹೇಳುತ್ತಿಲ್ಲ. ಆದರೆ ಈ ದಾರಿಯಲ್ಲಿ ಕೆಲಸ ನಡೆಯುತ್ತಿದೆ ಅನ್ನುವುದು ನಿಮಗೆ ಗೊತ್ತಿರಬೇಕು.

ಮೂಲಪ್ರಶ್ನೆ (ಶುಕ್ರವಾರ, ರಾತ್ರಿ 8:10)

ಅಮ್ಮ, ನಿಮ್ಮ ಮಗ ಚೆನ್ನಾಗಿರಲಿ.

ನನ್ನ ಮಾತು ತಿದ್ದಿಕೊಳ್ಳುತ್ತೇನೆ. ಆ ಹುಡುಗನ ವಿಷಯದಲ್ಲಿ ಸರಿಮಾಡಿದ್ದು ಜೀನ್, ಅದು ನಾನು ಹೇಳಿದ್ದೇ. ಆದರೆ ಆ ಜೀನ್ ಮಾಡುವುದು ಕೋಶದ ಹೊರಗೆ ಕೂರುವ ಒಂದು ಕೊಂಡಿಯನ್ನು. ಕೊಂಡಿ ಇಲ್ಲದೆ ಕೋಶ ಉಳಿಯದು. ಒಳಗು, ಹೊರಗು ಅಂತ ನಾನು ಎಳೆದ ಗೆರೆ ಇಲ್ಲಿ ನಿಲ್ಲುವುದಿಲ್ಲ. ಆದರೂ ಎಂಗ್ಲರ್ ಪ್ರಯೋಗದ ಬಗ್ಗೆ ಒಂದು ಮಾತು: ಜೆಲ್ ಮೇಲೆ ನರಕೋಶದ ಹಾಗೆ ಕಾಣುವುದು ಬೇರೆ, ನಿಜವಾದ ನರಕೋಶವಾಗಿ ಕೆಲಸ ಮಾಡುವುದು ಬೇರೆ. ಅಷ್ಟು ಎಚ್ಚರ ಇಟ್ಟುಕೊಂಡೇ ಓದೋಣ.

ಹಂದರ (ಶುಕ್ರವಾರ, ರಾತ್ರಿ 8:40)

ಒಪ್ಪಿದೆ. ಆ ಎಚ್ಚರ ಬೇಕೇ ಬೇಕು.

ಎಳೆಬಿಸಿಲು (ಭಾನುವಾರ, ಸಂಜೆ 6:55)

ಎಲ್ಲರಿಗೂ ವಂದನೆ. ಮೂರ್ನಾಲ್ಕು ದಿನ ಬರೆಯಲಿಲ್ಲ, ಯಾಕೆಂದರೆ ಮತ್ತೆ ಪ್ರಯೋಗ ಮಾಡುತ್ತಿದ್ದೆ.

ಅದೇ "ತಪ್ಪು" ಪ್ಲೇಟ್ ತೆಗೆದುಕೊಂಡೆ. ಓರೆಯಾಗಿ ಇಟ್ಟು, ಅರ್ಧ ತಳಕ್ಕೆ ಮಾತ್ರ ಫೈಬ್ರೊನೆಕ್ಟಿನ್ ದ್ರಾವಣ ತಾಗುವ ಹಾಗೆ ಒಂದು ಗಂಟೆ ಬಿಟ್ಟೆ. ತೊಳೆದು, ಉಳಿದ ಜಾಗವನ್ನು ಆಲ್ಬುಮಿನ್‌ನಿಂದ ಮುಚ್ಚಿದೆ. ಆಮೇಲೆ ಎಂಡಿಸಿಕೆ ಹಾಕಿದೆ.

ಇವತ್ತು ಬೆಳಗ್ಗೆ ನೋಡಿದರೆ ಪ್ಲೇಟ್‌ನ ನಡುವೆ ಗೆರೆ ಎಳೆದ ಹಾಗಿದೆ. ಒಂದು ಕಡೆ ಹಾಸುಗಲ್ಲಿನ ಹಾಗೆ ಚಪ್ಪಟೆ ಕೋಶಗಳು. ಇನ್ನೊಂದು ಕಡೆ ದುಂಡನೆಯವು, ತೇಲುತ್ತಾ. ಗೆರೆಯ ಅಂಚಿನಲ್ಲಿ ಒಂದು ಕೋಶವನ್ನು ತುಂಬಾ ಹೊತ್ತು ನೋಡಿದೆ. ಅದರ ಅರ್ಧ ಮೈ ಹರಡಿತ್ತು. ಇನ್ನರ್ಧದಿಂದ ಬೆರಳಿನಂಥ ಎಳೆಗಳು ಖಾಲಿ ಕಡೆಗೆ ಚಾಚಿ, ತಡಕಾಡಿ, ಏನೂ ಸಿಗದೆ ಹಿಂದಕ್ಕೆ ಬರುತ್ತಿದ್ದವು. ಮತ್ತೆ ಚಾಚುತ್ತಿದ್ದವು. ಹತ್ತು ನಿಮಿಷಕ್ಕೊಂದರಂತೆ ಎರಡು ಗಂಟೆ ಚಿತ್ರ ತೆಗೆದಿದ್ದೇನೆ.

ಮುಂದಿನ ವಾರ ಆರ್‌ಜಿಡಿ ತುಣುಕು ಹಾಕಿ ನೋಡಬೇಕೆಂದಿದ್ದೇನೆ. ಫೈಬ್ರೊನೆಕ್ಟಿನ್‌ನಲ್ಲಿ ಕೋಶ ಹಿಡಿಯುವ ಜಾಗ ಆರ್, ಜಿ, ಡಿ ಎಂಬ ಅಕ್ಷರಗಳಿಂದ ಗುರುತಿಸುವ ಬರೀ ಮೂರು ಅಮೈನೋ ಆಮ್ಲದ್ದು ಅಂತ 1984ರಲ್ಲಿ ಪಿಯರ್ಷ್‌ಬಾಕರ್ ಮತ್ತು ರೂಸ್ಲಾಟಿ ತೋರಿಸಿದ್ದನ್ನು ಓದಿದೆ. ಆ ತುಣುಕನ್ನು ಮೀಡಿಯಂಗೆ ಬಿಟ್ಟರೆ ಇಂಟಿಗ್ರಿನ್ ಅದನ್ನೇ ಹಿಡಿದುಕೊಂಡು ತಳವನ್ನು ಬಿಡಬೇಕು, ಅಲ್ವಾ? ಎಷ್ಟು ಹೊತ್ತಿಗೆ ದುಂಡಗಾಗಲು ಶುರುವಾಗುತ್ತವೆ? ಯಾರಾದರೂ ಮಾಡಿದ್ದರೆ ಹೇಳಿ.

ಹಂದರ (ಭಾನುವಾರ, ಸಂಜೆ 7:15)

ಕೋಶ ಹಾಕುವಾಗಲೇ ತುಣುಕನ್ನೂ ಸೇರಿಸಿ. ಪೂರ್ತಿ ಹರಡಿದ ಮೇಲೆ ಬಿಡಿಸುವುದು ಕಷ್ಟ, ಅಷ್ಟು ಹೊತ್ತಿಗೆ ಅವು ತಮ್ಮದೇ ಹಂದರ ನೇಯಲು ಶುರುಮಾಡಿರುತ್ತವೆ. ಮೂರು ಅಕ್ಷರಗಳ ಕ್ರಮ ಬದಲಿಸಿದ ತುಣುಕನ್ನು ಇನ್ನೊಂದು ಪ್ಲೇಟ್‌ಗೆ ಹಾಕಲು ಮರೆಯಬೇಡಿ, ಹೋಲಿಕೆಗೆ ಬೇಕು. ಆ ಅಂಚಿನ ಕೋಶದ ಚಿತ್ರಗಳನ್ನು ಇಲ್ಲಿ ಹಾಕಿ.

ಪಾಠದಮೇಜು (ಭಾನುವಾರ, ರಾತ್ರಿ 8:00)

ನನಗೂ ಬೇಕು ಆ ಚಿತ್ರಗಳು. ನಾಳೆ ಎರಡನೇ ಪಿರಿಯಡ್ ಒಳಗೆ ಸಿಕ್ಕರೆ ತುಂಬಾ ಉಪಕಾರ. ಆ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ.